ಅಂಕ ಯಾರದು?

ಸರ್ಕಾರಿ ಪ್ರೌಢಶಾಲೆಯ ಕಚೇರಿಯಲ್ಲಿ ಒಬ್ಬ ವಿದ್ಯಾರ್ಥಿಯ ಬಗ್ಗೆ ಎರಡು ಬಗೆಯ ದಾಖಲೆ ಇರುತ್ತದೆ. ದಾಖಲಾತಿ ಪುಸ್ತಕದಲ್ಲಿ ಜನ್ಮ ದಿನಾಂಕ, ತಂದೆತಾಯಿಯ ಹೆಸರು, ಧರ್ಮ, ಜಾತಿ, ಮಾತೃಭಾಷೆ, ಹೀಗೆ ಹುಟ್ಟಿನೊಂದಿಗೆ ಬಂದದ್ದೆಲ್ಲ ಕಾಲಂಗಳಲ್ಲಿ ಕೂತಿರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 625ಕ್ಕೆ ಎಷ್ಟು ಎಂಬ ಲೆಕ್ಕ. ಉತ್ತರಪತ್ರಿಕೆ ತಿದ್ದುವವರು ಜಾತಿ ಹಾಗಿರಲಿ, ಹೆಸರನ್ನೂ ನೋಡುವುದಿಲ್ಲ. ಮೊದಲನೆಯದು ಹುಟ್ಟಿನ ದಾಖಲೆ, ಎರಡನೆಯದು ಗಳಿಕೆಯ ದಾಖಲೆ ಎಂಬುದು ವಾಡಿಕೆಯ ತಿಳಿವಳಿಕೆ. ಆದರೆ ಇಡೀ ರಾಜ್ಯದ ದಾಖಲೆಗಳನ್ನು ಒಟ್ಟಿಗೆ ಹರಡಿದರೆ ಗಳಿಕೆ ಬಹುಮಟ್ಟಿಗೆ ಹುಟ್ಟಿನ ಜಾಡು ಹಿಡಿದೇ ನಡೆದಿರುತ್ತದೆ. ಹಾಗಾದರೆ ಅಂಕ ಮಗುವಿನದೋ, ಮನೆತನದ್ದೋ?

ಈ ಪ್ರಶ್ನೆ 1962ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಮೈಸೂರು ಸರ್ಕಾರ 1960ರಲ್ಲಿ ನೇಮಿಸಿದ ನಾಗನಗೌಡ ಸಮಿತಿ ಹಿಂದುಳಿದವರನ್ನು ಗುರುತಿಸಲು ಹೈಸ್ಕೂಲನ್ನೇ ಅಳತೆಗೋಲು ಮಾಡಿಕೊಂಡಿತ್ತು. ಒಂದು ಜಾತಿಯ ಸಾವಿರ ಜನಕ್ಕೆ ಎಷ್ಟು ಮಕ್ಕಳು ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿದ್ದಾರೆ ಎಂಬುದು ಲೆಕ್ಕ. ರಾಜ್ಯದ ಸರಾಸರಿ 6.9. ಅದಕ್ಕಿಂತ ಕಡಿಮೆಯಿದ್ದರೆ ಹಿಂದುಳಿದ ಜಾತಿ, ಅದರ ಅರ್ಧಕ್ಕಿಂತಲೂ ಕಡಿಮೆಯಿದ್ದರೆ ಹೆಚ್ಚು ಹಿಂದುಳಿದ ಜಾತಿ. 7.1 ಇದ್ದ ಲಿಂಗಾಯತರನ್ನೂ ಪಟ್ಟಿಗೆ ಸೇರಿಸಿದ ಸರ್ಕಾರ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಲ್ಲಿ ಒಟ್ಟು ಶೇ. 68ನ್ನು ಮೀಸಲಿಟ್ಟಿತು. ಅದನ್ನು ಪ್ರಶ್ನಿಸಿದ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಆ ಆದೇಶ ಬಿದ್ದುಹೋಯಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ತೀರ್ಪು ಜಾತಿಯೊಂದನ್ನೇ ಮಾನದಂಡವಾಗಿ ಒಪ್ಪಲಿಲ್ಲ. ಸರಾಸರಿಗಿಂತ ತುಸು ಕೆಳಗಿದ್ದರೆ ಸಾಲದು, ಬಹಳ ಕೆಳಗಿರಬೇಕು ಎಂದಿತು. ಮೀಸಲು ಸ್ಥೂಲವಾಗಿ ಶೇ. 50ರೊಳಗಿರಬೇಕು ಎಂದಿತು.

ಕೋರ್ಟು ಕಾನೂನಿನ ತೊಡಕು ಬಿಡಿಸಿತು, ತಾತ್ವಿಕ ತೊಡಕು ಉಳಿಯಿತು. ಒಂದು ಜಾತಿಯಲ್ಲಿ ಸಾವಿರಕ್ಕೆ ಮೂವರು ಎಂಬುದು ಸಮುದಾಯದ ಬಗೆಗಿನ ಸತ್ಯ. ಕಾಲೇಜಿಗೆ ಅರ್ಜಿ ಹಾಕುವವನು ಆ ಮೂವರಲ್ಲಿ ಒಬ್ಬ, ಅಂದರೆ ಹೇಗೋ ಒಳಗೆ ಬಂದವನು. ಒಳಗೆ ಬಾರದ ಮಕ್ಕಳ ಕೊರತೆ ಅವನ ಹಕ್ಕಾಗುವುದು ಹೇಗೆ?

ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಜಾಬಾಲನ ಕಥೆ ಇದೇ ತೊಡಕನ್ನು ಎದುರು ದಿಕ್ಕಿನಿಂದ ಮುಟ್ಟುತ್ತದೆ. ಗುರು ಹಾರಿದ್ರುಮತ ಗೌತಮ ಗೋತ್ರ ಕೇಳುತ್ತಾನೆ. ಗೋತ್ರ ತಿಳಿಯದು, ತಾಯಿಯ ಹೆಸರು ಜಬಾಲಾ ಎಂದು ಹುಡುಗ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಗುರು ಸೇರಿಸಿಕೊಳ್ಳುತ್ತಾನೆ. ಇಂದು ಈ ಕಥೆ ಉದಾರತೆಯ ದೃಷ್ಟಾಂತವಾಗಿ ವೇದಿಕೆಗಳಲ್ಲಿ ಓಡಾಡುತ್ತದೆ. ಆದರೆ ಗುರು ಕೊಡುವ ಕಾರಣ ಬೇರೆ: ಇಂಥ ಸತ್ಯವನ್ನು ಬ್ರಾಹ್ಮಣನಲ್ಲದವನು ನುಡಿಯಲಾರ. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಇದನ್ನು ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲ ಎನ್ನುವುದಕ್ಕೇ ಆಧಾರವಾಗಿ ಬಳಸುತ್ತಾರೆ. ಸಮಿತಿ ಜಾತಿಯಿಂದ ಹುಡುಗನಿಗೆ ಇಳಿಯಿತು, ಗುರು ಹುಡುಗನಿಂದ ಜಾತಿಗೆ ಏರಿದ. ಆದರೆ ಸಮಿತಿ ಬಾಗಿಲು ತೆರೆಯಲು ಎಣಿಸಿತು. ಗುರುವಿನ ತರ್ಕದಲ್ಲಿ ಒಬ್ಬ ಒಳಗೆ ಬಂದರೂ ಬಾಗಿಲು ಮುಚ್ಚಿಯೇ ಇತ್ತು.

ಓದು ಹಣೆಯಲ್ಲಿ ಬರೆದಿರಬೇಕು ಎಂಬ ಮಾತು ಹಳ್ಳಿಯಲ್ಲೂ ಸ್ಟಾಫ್ ರೂಮಿನಲ್ಲೂ ಕೇಳುತ್ತದೆ. ಇದರ ಹಿಂದಿರುವ ಕರ್ಮಸಿದ್ಧಾಂತವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹುಟ್ಟೂ ಹಿಂದಿನ ಕರ್ಮದ ಫಲ ಎಂದು ಯೋಗಸೂತ್ರವೇ ಹೇಳುತ್ತದೆ. ಅದನ್ನು ಒಪ್ಪಿದರೆ ದಾಖಲಾತಿ ಪುಸ್ತಕವೂ ಗಳಿಕೆಯ ದಾಖಲೆಯೇ ಆಗುತ್ತದೆ. ಆದರೆ ಕರ್ಮದ ಲೆಕ್ಕವನ್ನು ಎಲ್ಲರಿಗಿಂತ ಬಿಗಿಯಾಗಿ ಇಟ್ಟ ಜೈನರು ಎಂಟು ಬಗೆಯ ಕರ್ಮಗಳಲ್ಲಿ ಅರಿವನ್ನು ಮುಸುಕುವ ಜ್ಞಾನಾವರಣೀಯವನ್ನೂ ಕುಲದ ಮೇಲುಕೀಳನ್ನು ನಿರ್ಧರಿಸುವ ಗೋತ್ರ ಕರ್ಮವನ್ನೂ ಬೇರೆಬೇರೆ ಇಟ್ಟರು. ಅವರ ತತ್ತ್ವಾರ್ಥಸೂತ್ರದ ಪ್ರಕಾರ ಪರನಿಂದೆ, ಆತ್ಮಪ್ರಶಂಸೆಗಳಿಂದ ನೀಚಗೋತ್ರ ಬರುತ್ತದೆ. ಅರಿವನ್ನು ಮುಚ್ಚಿಡುವುದು, ಕಲಿಕೆಗೆ ಅಡ್ಡಿಮಾಡುವುದು ಮೊದಲಾದವುಗಳಿಂದ ಜ್ಞಾನಾವರಣೀಯ. ಕಾರಣಗಳೇ ಬೇರೆಯಾದ ಮೇಲೆ ಕೀಳೆನಿಸಿದ ಕುಲದಲ್ಲೇ ಮಂದ ಬುದ್ಧಿ ಗುಂಪುಗುಂಪಾಗಿ ಹುಟ್ಟಬೇಕಾದ ಅಗತ್ಯವಿಲ್ಲ. ಸಾವಿರಕ್ಕೆ 6.9, ಸಾವಿರಕ್ಕೆ 3 ಎಂಬ ಅಂತರಕ್ಕೆ ಕಾರಣ ಈ ಲೋಕದಲ್ಲೇ ಸಿಗಬೇಕು. ಅಂದಹಾಗೆ ಕಲಿಕೆಗೆ ಅಡ್ಡಿಮಾಡಿದವರ ಖಾತೆಗೂ ಈ ಸಿದ್ಧಾಂತ ಬಾಕಿ ಬರೆಯುತ್ತದೆ. ಹಣೆಬರಹದ ಮಾತಾಡುವವರು ಅದನ್ನು ಮರೆಯುತ್ತಾರೆ.

ಶ್ರಮವಾದರೂ ಮಗುವಿನದೇ ಅಲ್ಲವೇ ಎಂಬ ಆಕ್ಷೇಪವಿದೆ. ದುಡಿಯುವ ಮನಸ್ಸು ಕೂಡ ಮನೆಯ ಪರಿಸರವನ್ನು ಅವಲಂಬಿಸಿದೆ ಎಂದು ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ವಾದಿಸಿದ. ಇದು ಅತಿಯಾಯಿತು. ಒಲೆಗೆ ಸೌದೆ, ಮನೆಗೆ ನೀರು ತಂದಿಟ್ಟು ಆಮೇಲೆ ಲೆಕ್ಕ ಬಿಡಿಸಲು ಕೂತ ಹುಡುಗಿಯ ಶ್ರಮವನ್ನು ಪರಿಸರದ ಖಾತೆಗೆ ಹಾಕಿದರೆ ಅವಳಿಗೆ ಉಳಿಯುವುದೇನು? ಅವಳ ಅಂಕ ಅವಳದೇ. ಅವಳ ಜಿಲ್ಲೆಗೂ ಇನ್ನೊಂದು ಜಿಲ್ಲೆಗೂ ಇರುವ ಅಂತರ ಮಾತ್ರ ಅವಳದಲ್ಲ.

ಆ ಅಂತರ ಸಣ್ಣದೇನಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿಯ ಫಲಿತಾಂಶ ಶೇ. 94, ಯಾದಗಿರಿಯದು ಶೇ. 50.59. ಅದೇ ದಿನ, ಅದೇ ಪ್ರಶ್ನೆಪತ್ರಿಕೆ. ಗುಳೆ ಹೋಗುವ ಮನೆಯ ಮಗು ತಿಂಗಳುಗಟ್ಟಲೆ ತರಗತಿಯಲ್ಲಿರುವುದಿಲ್ಲ ಎಂಬುದು ಜಾತಿವಾರು ಸರಾಸರಿಯಲ್ಲಿ ಕಾಣುವ ಸಂಗತಿಯಲ್ಲ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಸೀಟು ಹಂಚಿಕೆಗೆ ಪ್ರದೇಶವೂ ಒಂದು ಮಾನದಂಡವಾಯಿತು. ಹಳೆಯ ತೊಡಕೂ ಅದರೊಂದಿಗೇ ಬಂತು: ಕಲಬುರಗಿಯ ವಕೀಲರ ಮಗಳಿಗೂ ಯಾದಗಿರಿಯ ಕೂಲಿಕಾರನ ಮಗಳಿಗೂ ಆ ಪ್ರದೇಶದವರೆಂಬ ಪ್ರಮಾಣಪತ್ರ ಒಂದೇ.