ಬೀಗ ಹಾಕಿದ್ದ ಮನೆ

2005ರ ಜುಲೈ 26 ಎಂದರೆ ಮುಂಬಯಿಯವರಿಗೆ ಬೇರೆ ವಿವರಣೆ ಬೇಡ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾದೊಳಗೆ ನುಗ್ಗಿತು. ಆಗ ನಮ್ಮದು ಕಲೀನಾದಲ್ಲಿ ನೆಲಮಹಡಿಯ ಮನೆ. ರಾತ್ರಿಯಿಡೀ ಫೋರ್ಟಿನ ಬ್ಯಾಂಕಿನಲ್ಲೇ ಕುಳಿತಿದ್ದು, ಮರುದಿನ ದಾದರ್, ಮಾಹಿಮ್ ದಾಟಿ ನಡೆದುಕೊಂಡೇ ಮನೆ ಮುಟ್ಟಿದೆ. ಹೆಂಡತಿ ಮಕ್ಕಳು ಎರಡನೇ ಮಾಳಿಗೆಯ ಗುಜರಾತಿಯವರಲ್ಲಿದ್ದರು. ನಮ್ಮ ಮನೆಯಲ್ಲಿ ಫ್ರಿಜ್ಜು ತೇಲಿ ಬಂದು ದೇವರ ಮಂಟಪದ ಎದುರು ಅಂಗಾತ ಮಲಗಿತ್ತು.

ಕೆಸರೆಂದರೆ ನಮ್ಮ ಊರಿನ ಗದ್ದೆಯ ಕೆಸರಲ್ಲ. ಗಟಾರದ ಹೊಲಸು, ಗ್ಯಾರೇಜಿನ ಎಣ್ಣೆ ಎಲ್ಲ ಕೂಡಿದ್ದು. ಒಣಗಿದರೆ ಗೋಡೆ ಬಿಡುವುದಿಲ್ಲ. ಹಸಿ ಇರುವಾಗಲೇ ಮೇಲಿನಿಂದ ಕೆಳಗೆ ತೊಳೆಯಬೇಕು, ಆಮೇಲೆ ಬ್ಲೀಚಿಂಗ್ ಪೌಡರ್. ಹತ್ತಿಯ ಹಾಸಿಗೆ ಮತ್ತೆ ಒಣಗುವ ವಸ್ತುವೇ ಅಲ್ಲ. ಪ್ಲೈವುಡ್ಡಿನ ಕಪಾಟು ನೀರು ಕುಡಿದು ಬ್ರೆಡ್ಡಿನ ಹಾಗೆ ಉಬ್ಬುತ್ತದೆ. "ದೀಪಾವಳಿವರೆಗೆ ಬಣ್ಣ ಹಚ್ಚಬೇಡಿ, ಗೋಡೆ ಒಳಗಿನಿಂದ ಒಣಗಲಿ" ಎಂದ ಪೇಂಟರನ ಮಾತು ಕೇಳಿದ್ದು ಒಳ್ಳೆಯದಾಯಿತು. ಅವಸರ ಮಾಡಿದ ಪಕ್ಕದ ಮನೆಯವರ ಗೋಡೆ ಮೂರೇ ತಿಂಗಳಿಗೆ ಹಪ್ಪಳದಂತೆ ಎದ್ದಿತು.

ಮನೆಗೂ ಸಾಮಾನಿಗೂ ನಾನು ವಿಮೆ ಮಾಡಿಸಿದ್ದೆ. ಬ್ಯಾಂಕಿನವನಲ್ಲವೇ! ಹಾಗಾಗಿ ಹೆಂಡತಿಗೆ ಹೇಳಿದ ಮೊದಲ ಮಾತೇ, "ಸರ್ವೇಯರ್ ಬಂದು ನೋಡುವವರೆಗೆ ಒಂದು ಚಾಪೆಯನ್ನೂ ಬಿಸಾಡಬೇಡ." ನಾರುವ ಹಾಸಿಗೆಗಳನ್ನು ಐದು ದಿನ ಬಾಲ್ಕನಿಯಲ್ಲಿ ಕಾದಿಟ್ಟೆವು. ಸರ್ವೇಯರ್ ಬಂದ, ಸವಕಳಿ ಕಳೆದ. ನಾನು ಕೇಳಿದ್ದು 62,000, ಸಿಕ್ಕಿದ್ದು 38,000 ರೂಪಾಯಿ. ಎಂ.ಕಾಂ.ನಲ್ಲಿ ಸವಕಳಿಯ ಲೆಕ್ಕ ಕಲಿತವನಾದರೂ ತಂದೆಯ ಹಾರ್ಮೋನಿಯಮ್ಮಿನ ಬೆಲೆಗಾಗಿ ಅವನೊಡನೆ ಅರ್ಧ ಗಂಟೆ ವಾದಿಸಿದ್ದೆ.

ಇಷ್ಟು ಹೇಳಿದ್ದು ನಮ್ಮ ಕೆಲಸದಾಕೆಯ ಮಾತಿಗಾಗಿ. ಇಂಡಿ ಕಡೆಯವಳು, ಮೀಠಿಯ ದಂಡೆಯ ಜೋಪಡಪಟ್ಟಿಯಲ್ಲಿದ್ದಳು. ಗಂಡ ಬಿತ್ತನೆಗೆಂದು ಊರಿಗೆ ಹೋಗಿದ್ದ. ನೀರು ಇಳಿದ ಮಾರನೆ ದಿನ ಹೆಂಡತಿ ವಾಚ್‌ಮನ್ ಕೈಲಿ ಹೇಳಿಕಳಿಸಿದಳು. ಮಕ್ಕಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬಂದಳು. ನಾಲ್ಕು ದಿನ ಬೆಳಗಿನಿಂದ ಸಂಜೆವರೆಗೆ ನಮ್ಮ ಕೆಸರು ಬಳಿದಳು. "ನಿಮ್ಮ ಮನೆ ಹೇಗಿದೆ?" ಎಂದು ಕೇಳಿದ್ದೆವು. "ಐತ್ರಿ, ಜೋಳ ಎಲ್ಲಾ ಹೋತು" ಎಂದಳು. ಅಯ್ಯೋ ಎಂದೆವು. ಆಮೇಲೆ ಬಕೆಟ್ಟು ತುಂಬಿಸಿ ಕೊಟ್ಟೆವು.

ಮೂರನೆಯ ದಿನ ಅವಳ ಗಲ್ಲಿಗೆ ಪಂಚನಾಮೆಯವರು ಬಂದರು. ಹಾನಿ ಕಣ್ಣಿಗೆ ಕಂಡ ಮನೆಗಳನ್ನು ಪರಿಹಾರದ ಪಟ್ಟಿಗೆ ಬರೆದುಕೊಂಡರು. ಅವಳ ಮನೆಗೆ ಬೀಗವಿತ್ತು. ಅವರು ಮುಂದೆ ಹೋದರು.

ಕಚೇರಿಗೆ ಅರ್ಜಿ ಬರೆದುಕೊಟ್ಟೆ, ಎರಡು ಸಲ ಜೊತೆಗೆ ಹೋದೆ. ಹೆಸರು ಕೊನೆಗೂ ಪಟ್ಟಿಗೆ ಬರಲಿಲ್ಲ. ನಾನು 5,000 ರೂಪಾಯಿ ಕೊಟ್ಟೆ.

ಈ ವಿಷಯವನ್ನು ಒಮ್ಮೆ ಸ್ನೇಹಿತರೊಬ್ಬರಲ್ಲಿ ಹೇಳಿದಾಗ ಅವರು ನಕ್ಕರು. "ಎರಡು ಪಟ್ಟು ಕೂಲಿ ಕೊಟ್ಟಿದ್ದೀರಿ, ಬಲವಂತ ಮಾಡಲಿಲ್ಲ. ಬರುವುದಿಲ್ಲ ಎನ್ನಬಹುದಿತ್ತಲ್ಲ ಅವಳು? ಇದರಲ್ಲಿ ನಿಮ್ಮ ತಪ್ಪೇನು ಮಾರಾಯ್ರೆ?" ಲೆಕ್ಕಪತ್ರದ ಪ್ರಕಾರ ಅವರ ಮಾತು ಸರಿ. ಆದರೆ ಜೋಳದ ಡಬ್ಬಿಯೇ ತೇಲಿಹೋದವಳಿಗೆ ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ಎಷ್ಟಿತ್ತು? ಅದನ್ನೂ ಬದಿಗಿಡೋಣ. ಕೂಲಿ ಕೊಟ್ಟದ್ದು ಕೆಲಸಕ್ಕೆ. ಅವಳು ಕಳೆದುಕೊಂಡದ್ದು ಕೂಲಿಯ ಲೆಕ್ಕಕ್ಕೆ ಬರುವುದೇ ಇಲ್ಲ. ನನ್ನನ್ನು ಕೊರೆಯುವುದು ಇನ್ನೊಂದು. ಹಾನಿಯನ್ನು ನೋಡುವವರು ಬರುವವರೆಗೆ ಹಾಗೇ ಇಟ್ಟುಕೊಳ್ಳಬೇಕು, ಮನೆಯಲ್ಲಿ ಒಬ್ಬರಿರಬೇಕು ಎಂಬುದು ನನಗೆ ಗೊತ್ತಿತ್ತು. ಹೆಂಡತಿಗೆ ಹೇಳಿದೆ, ಗುಜರಾತಿಯವರಿಗೂ ಹೇಳಿದೆ. ನನ್ನದೇ ಬಾಲ್ಕನಿಯಲ್ಲಿ ಅದೇ ಹಾಸಿಗೆಯ ಪಕ್ಕ ನಿಂತು ಚಿಂದಿ ಹಿಂಡುತ್ತಿದ್ದವಳಿಗೆ ಹೇಳಬೇಕೆಂದು ತೋಚಲೇ ಇಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಅವಳಿಗೂ ಒಂದು ಮನೆ ಉಂಟು, ಅದಕ್ಕೂ ಒಂದು ಕ್ಲೇಮು ಉಂಟು ಎಂದು ನಾನು ಎಣಿಸಿರಲೇ ಇಲ್ಲ. ಊರು ಬಿಟ್ಟು ಬಂದು ಮನೆ ಮಾಡಿಕೊಂಡವರು ನಾವಿಬ್ಬರೂ, ಮಾತಾಡುವುದೂ ಕನ್ನಡವೇ.

ದೀಪಾವಳಿಗೆ ಗೋಡೆಗೆ ಬಣ್ಣವಾಯಿತು. ಅದೇ ವಾರ ಅವಳು 500ರ ಒಂದು ನೋಟು ತಂದು ಮೇಜಿನ ಮೇಲಿಟ್ಟಳು. "ಸಾಹೇಬ್ರ, ತಿಂಗಳಾ ಇಷ್ಟಿಷ್ಟ ಮುಟ್ಟಸ್ತೀನ್ರಿ" ಎಂದಳು.

"ಅದು ಸಾಲ ಅಲ್ಲಮ್ಮ" ಎಂದೆ.

"ಮತ್ತ ಏನ್ರಿ ಅದು?"

ಅವಳು ನಿಜವಾಗಿ ಕೇಳಿದ್ದಳು. ಮೂವತ್ತು ವರ್ಷ ಪ್ರತಿ ಪೈಸೆಗೂ ಒಂದು ಖಾತೆ ಹುಡುಕಿ ಬರೆಯುವುದೇ ನನ್ನ ಉದ್ಯೋಗವಾಗಿತ್ತು. ಉಡುಗೊರೆ ಎಂದರೆ ಸುಳ್ಳು. ಪರಿಹಾರ ಎನ್ನಬೇಕಾದರೆ ಯಾವುದಕ್ಕೆ ಎಂದೂ ಹೇಳಬೇಕು. ನನ್ನ ತಡವರಿಕೆ ನೋಡಿ ಹೆಂಡತಿಯೇ, "ಇಟ್ಟುಕೋ, ಮಕ್ಕಳ ಪುಸ್ತಕಕ್ಕಾಯ್ತು" ಎಂದಳು.

ಅವಳು ನೋಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಪಾತ್ರೆ ತೊಳೆಯಲು ಹೋದಳು. ಪಂಚನಾಮೆಯ ಮಾತನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.