ಕಾಣದ ಜಲಜೀವಿಗಳು ಮತ್ತು ಪರಿಗ್ರಹ ಪರಿಮಾಣ

ನೀರಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳಿವೆ ಎಂಬುದು ಜೈನ ಮನೆತನಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವುದು, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ಬಾವಿಗೇ ಮೆಲ್ಲನೆ ಮರಳಿ ಬಿಡುವುದು ಶ್ರಾವಕಾಚಾರದ ನಿಯಮ. ಈ ಆಚಾರದಲ್ಲಿ ಎರಡು ಕಾಳಜಿಗಳು ಅಡಗಿವೆ. ಜೀವವನ್ನು ಕೊಲ್ಲಬಾರದು, ಅದರ ನೆಲೆಯನ್ನೂ ತಪ್ಪಿಸಬಾರದು. ಮೊದಲನೆಯದು ಎಲ್ಲರ ನೆನಪಿನಲ್ಲಿದೆ. ಎರಡನೆಯದು ಇಂದು ವಿಶೇಷ ಚಿಂತನೆಗೆ ಯೋಗ್ಯವಾಗಿದೆ.

ಬೆಳಕು ತಲುಪುವ ನೀರಿನಲ್ಲಿ ತೇಲುವ, ಬಹುಪಾಲು ಏಕಕೋಶದ ಸೂಕ್ಷ್ಮ ಜೀವಿಗಳನ್ನು ವಿಜ್ಞಾನಿಗಳು ಸಸ್ಯಪ್ಲವಕಗಳೆಂದು ಕರೆಯುತ್ತಾರೆ. ಇವಕ್ಕೆ ಬೇರಿಲ್ಲ, ಎಲೆಯಿಲ್ಲ. ಆದರೂ ಗಿಡಮರಗಳಂತೆ ಸೂರ್ಯಪ್ರಕಾಶದಿಂದ ಆಹಾರವನ್ನು ತಯಾರಿಸಿ ಆಮ್ಲಜನಕವನ್ನು ಹೊರಬಿಡುತ್ತವೆ. ಭೂಮಂಡಲದಲ್ಲಿ ಉತ್ಪತ್ತಿಯಾಗುವ ಆಮ್ಲಜನಕದ ಸುಮಾರು ಅರ್ಧಭಾಗ ಇವುಗಳ ಕೊಡುಗೆ. ಮುಂಗಾರಿನಲ್ಲಿ ಕೇರಳದ ಕರಾವಳಿಯಲ್ಲಿ ಆಳದ ತಂಪು ನೀರು ಪೋಷಕಾಂಶಗಳೊಡನೆ ಮೇಲೇರಿದಾಗ ಸಸ್ಯಪ್ಲವಕಗಳು ವೃದ್ಧಿಯಾಗುತ್ತವೆ; ಬೂತಾಯಿ ಮೀನಿನ ಹಿಂಡುಗಳು ಅವುಗಳಿಂದ ಬದುಕುತ್ತವೆ. ಇಷ್ಟು ಸಣ್ಣ ಜೀವಿಯ ಉಪಕಾರ ಇಷ್ಟು ದೊಡ್ಡದು.

ಹಾಗಾದರೆ ಈ ಉಪಕಾರಿಗಳು ಹೆಚ್ಚಿದಷ್ಟೂ ಒಳ್ಳೆಯದೇ? 1973ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂದು ಸರೋವರವನ್ನು ಪರದೆಯಿಂದ ಇಬ್ಭಾಗ ಮಾಡಿದರು. ಎರಡೂ ಭಾಗಗಳಿಗೆ ಇಂಗಾಲ ಮತ್ತು ಸಾರಜನಕವನ್ನು ಸೇರಿಸಿ, ಒಂದಕ್ಕೆ ಮಾತ್ರ ರಂಜಕವನ್ನೂ ಬೆರೆಸಿದರು. ರಂಜಕ ಬೆರೆತ ಭಾಗವು ಪಾಚಿಯಿಂದ ಹಸಿರುಗಟ್ಟಿತು. ಮತ್ತೊಂದು ತಿಳಿಯಾಗಿ ಉಳಿಯಿತು. ಹೀಗೆ ಮಿತಿಮೀರಿ ಬೆಳೆದವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗಿ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಕೆಲವು ಬಗೆಯವು ವಿಷವನ್ನೂ ಉಂಟುಮಾಡುತ್ತವೆ. 2014ರ ಆಗಸ್ಟ್‌ನಲ್ಲಿ ಈರಿ ಸರೋವರದ ನೀರನ್ನು ಬಳಸುವ ಅಮೆರಿಕದ ಟೊಲೆಡೊ ಪ್ರದೇಶದ ಸುಮಾರು 4 ಲಕ್ಷ ಜನರು ಎರಡು ದಿನಕ್ಕೂ ಹೆಚ್ಚು ಕಾಲ ನಲ್ಲಿಯ ನೀರನ್ನು ಕುಡಿಯುವಂತಿರಲಿಲ್ಲ. ಕುದಿಸಿದರೂ ಆ ವಿಷ ಹೋಗುವಂಥದಲ್ಲ. ಹೊಲಗಳಿಂದ ಹರಿದುಬಂದ ಗೊಬ್ಬರದ ರಂಜಕ ಅದಕ್ಕೆ ಮುಖ್ಯ ಕಾರಣವಾಗಿತ್ತು.

ಇಲ್ಲಿ ಹಿಂಸಕರು ಯಾರು? ಗೊಬ್ಬರ ಹಾಕಿದ ರೈತನಲ್ಲಾಗಲಿ, ಅದನ್ನು ಮಾರಿದ ವರ್ತಕನಲ್ಲಾಗಲಿ ಕೊಲ್ಲುವ ಭಾವವಿರಲಿಲ್ಲ. ಭಾವವಿಲ್ಲದ ಮೇಲೆ ದೋಷವೆಲ್ಲಿ ಎಂದು ಕೇಳಬಹುದು. ಆದರೆ ಜೈನಾಚಾರ್ಯರು ಹಿಂಸೆಯ ಬೇರನ್ನು ಪ್ರಮಾದದಲ್ಲಿಯೂ ಕಂಡಿದ್ದಾರೆ. ಅರಿಯದೆ ನಡೆದದ್ದು ಬೇರೆ. ಅರಿತ ಮೇಲೂ ಎಚ್ಚರ ತಪ್ಪುವುದು ಬೇರೆ. ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ಗೊಬ್ಬರ, ಬಟ್ಟೆಗೆ ಬೇಕಾದುದಕ್ಕಿಂತ ಹೆಚ್ಚು ಸಾಬೂನುಪುಡಿ, ಇವೆಲ್ಲ ಅತಿಯಾಸೆಯ ಸಣ್ಣ ರೂಪಗಳು. ಪರಿಗ್ರಹಕ್ಕೆ ಮಿತಿ ಇಲ್ಲದಲ್ಲಿ ಅಹಿಂಸೆ ನಿಲ್ಲಲಾರದು.

ಧರ್ಮಕಾರ್ಯಗಳೂ ಈ ವಿಚಾರಕ್ಕೆ ಹೊರತಲ್ಲ. ಅಭಿಷೇಕದ ಹಾಲು, ಪೂಜೆಯ ಹೂವು, ಸಮಾರಾಧನೆಯ ಪಾತ್ರೆ ತೊಳೆದ ನೀರು ಕೆರೆಗೆ ಸೇರಿದರೆ ಅಲ್ಲಿಯೂ ಇದೇ ಅನಾಹುತಕ್ಕೆ ದಾರಿಯಾಗುತ್ತದೆ. ಅವನ್ನು ತೋಟದ ಮಣ್ಣಿಗೆ ಸೇರಿಸಿದರೆ ಭಕ್ತಿಗೆ ಕುಂದಿಲ್ಲ, ಜಲಜೀವಿಗಳಿಗೆ ಅಪಾಯವೂ ಇಲ್ಲ. ಸಸ್ಯಪ್ಲವಕಗಳಲ್ಲಿ ಹೆಚ್ಚಿನವು ಸೋಸುವ ಬಟ್ಟೆಗೆ ಸಿಗದಷ್ಟು ಸೂಕ್ಷ್ಮ. ಅವುಗಳನ್ನು ಕಾಯಬಲ್ಲದ್ದು ಶ್ರಾವಕನ ಮಿತವಾದ ಬಾಳುವೆಯೊಂದೇ. ಉತ್ಸವದ ಪುಣ್ಯವು ಕೆರೆಯ ನೀರಿನಲ್ಲಿಯೂ ತಿಳಿಯಾಗಿ ಕಾಣಲಿ.