ಕೇಳದೆ ಕೊಂಡ ಯಂತ್ರ

ಅಪ್ಪನಿಗೆ ಶ್ರವಣ ಸಾಧನವನ್ನು ಎಲ್ಲಿ ಕೊಳ್ಳುವುದು ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗ ಅದು ನನಗೆ ಬರೀ ದುಡ್ಡಿನ ಲೆಕ್ಕವಾಗಿ ಕಂಡಿತ್ತು. ಆನ್‌ಲೈನಿನಲ್ಲಿ ಕೆಲವೇ ಸಾವಿರಕ್ಕೆ ಸಿಗುತ್ತಿದ್ದ ಒಂದನ್ನು ತರಿಸಿದೆ. ಅಪ್ಪ ಎರಡು ದಿನ ಹಾಕಿಕೊಂಡು, ‘ಪಾತ್ರೆ ಸದ್ದು ಕೇಳತ್ತೆ ಕಣೋ, ನೀನು ಹೇಳೋದು ಕೇಳಲ್ಲ’ ಎಂದು ತೆಗೆದಿಟ್ಟರು. ವಯಸ್ಸಾದವರ ಹಠ ಎಂದುಕೊಂಡೆ.

ಅದು ಹಠವಾಗಿರಲಿಲ್ಲ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕುಂದುವುದು ಹೆಚ್ಚು ಕಂಪನಾಂಕದ ಸದ್ದುಗಳನ್ನು ಹಿಡಿಯುವ ಶಕ್ತಿ. ಸ್ವರಗಳು ಕೇಳುತ್ತವೆ, ಹಲವು ವ್ಯಂಜನಗಳು ಮಸುಕಾಗುತ್ತವೆ. ಯಾರೋ ಮಾತಾಡಿದ್ದು ಗೊತ್ತಾಗುತ್ತದೆ. ‘ಸಾಕು’ ಅಂದರೋ ‘ಹಾಕು’ ಅಂದರೋ ತಿಳಿಯುವುದಿಲ್ಲ. ಎಲ್ಲ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುವ ಯಂತ್ರ ಗದ್ದಲವನ್ನಷ್ಟೇ ಹೆಚ್ಚಿಸುತ್ತದೆ. ಆಡಿಯೋಗ್ರಾಂ ಮಾಡಿ, ಆ ಕಿವಿ ಯಾವ ಸದ್ದನ್ನು ಎಷ್ಟು ಕಳೆದುಕೊಂಡಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಹೊಂದಿಸಬೇಕು.

ಹಾಗಾಗಿ ಒಂದು ಮಳಿಗೆಗೆ ಹೋದೆವು. ಪರೀಕ್ಷೆ ಉಚಿತ. ಪರೀಕ್ಷಿಸುವವರೇ ಮಾರುವವರಾದ್ದರಿಂದ ನಾನು ಎಚ್ಚರದಲ್ಲೇ ಇದ್ದೆ. ಆದರೆ ಅಲ್ಲಿ ತಪ್ಪಿದ್ದು ಬೆಲೆಯ ವಿಷಯದಲ್ಲಲ್ಲ. ‘ಇವರಿಗೆ ಬಜೆಟ್ ಎಷ್ಟು ಸಾರ್?’ ಎಂದು ಅವರು ನನ್ನನ್ನು ಕೇಳಿದರು, ನಾನು ಉತ್ತರ ಕೊಟ್ಟೆ. ಅರ್ಧ ಗಂಟೆ ಇಬ್ಬರೂ ಮಾತಾಡಿದೆವು. ನಮ್ಮ ನಡುವೆ ಕೂತ ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಹೊರಗೆ ಬಂದಮೇಲೆ, ‘ನೀನು ಹೇಗೆ ಹೇಳ್ತೀಯೋ ಹಾಗೆ’ ಅಂದರು. ಅದನ್ನು ಒಪ್ಪಿಗೆ ಎಂದುಕೊಂಡೆ. ಮಗನಿಗೆ ಖರ್ಚಿನ ಹೊರೆಯಾಗುತ್ತಿದ್ದೇನೆ ಎಂಬ ಸಂಕೋಚವೂ ಅದೇ ಮಾತಿನಲ್ಲಿ ಬರುತ್ತದೆ.

ಕೊನೆಗೆ ಹೋದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಅಲ್ಲಿದ್ದ ಹುಡುಗಿ ಅಪ್ಪನ ಎದುರಿಗೆ ಕೂತು, ‘ನಿಮಗೆ ಯಾರ ಮಾತು ಕೇಳಿಸಬೇಕು ಅನ್ಸತ್ತೆ?’ ಅಂದಳು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ‘ಸಂಜೆ ಪಾರ್ಕಲ್ಲಿ ನಾಲ್ಕು ಜನ ಕೂರ್ತೀವಮ್ಮ. ಅವರು ನಕ್ಕಾಗ ನಾನೂ ನಗ್ತೀನಿ. ಯಾಕೆ ಅಂತ ಗೊತ್ತಿರಲ್ಲ’ ಅಂದರು.

ನನಗೆ ಬೇಕಾಗಿದ್ದದ್ದು ಟಿವಿ ಸದ್ದು ಕಡಿಮೆಯಾಗುವುದು, ಒಂದೇ ಮಾತನ್ನು ಮೂರು ಸಲ ಹೇಳುವುದು ತಪ್ಪುವುದು. ಅಪ್ಪನ ಹೆಸರಿನಲ್ಲಿ ನಾನು ನನ್ನ ತೊಂದರೆಗೇ ಮದ್ದು ಹುಡುಕುತ್ತಿದ್ದೆ. ಕನ್ನಡದಲ್ಲಿ ‘ಕೇಳು’ ಎಂದರೆ ಕಿವಿಗೊಡುವುದೂ ಹೌದು, ಪ್ರಶ್ನಿಸುವುದೂ ಹೌದು. ಅವರಿಗೆ ಕೇಳುವುದಿಲ್ಲ ಎಂದು ಅವರನ್ನು ಕೇಳುವುದನ್ನೇ ಬಿಟ್ಟಿದ್ದೆ.

ಎಲ್ಲರೂ ಮೈಸೂರಿಗೇ ಹೋಗಿ ಎಂದು ನಾನು ಹೇಳಲಾರೆ. ಸಾಧನ ಕಿವಿಗೆ ಒಗ್ಗಲು ವಾರಗಳು ಬೇಕು, ಹೊಂದಾಣಿಕೆಗೆ ಮತ್ತೆ ಮತ್ತೆ ಹೋಗಬೇಕು. ಬೀದರಿನವರಿಗೆ, ಕಾರವಾರದವರಿಗೆ ಅಷ್ಟು ದೂರದ ಸಂಸ್ಥೆಗಿಂತ ಹತ್ತಿರದ ಪ್ರಾಮಾಣಿಕ ಆಡಿಯಾಲಜಿಸ್ಟ್ ಮೇಲು. ದುಡ್ಡಿಲ್ಲದವರನ್ನು ಅಗ್ಗದ್ದು ಕೊಂಡರೆಂದು ಹಳಿಯುವ ಹಕ್ಕೂ ನನಗಿಲ್ಲ. ಅರ್ಹರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಿದೆ ಎಂದು ಅವರಿಗೆ ತಿಳಿಸಬಹುದು. ಎಲ್ಲಿ ಹೋದರೂ ನೋಡಬೇಕಾದದ್ದು ಮೂರು: ಆಡಿಯೋಗ್ರಾಂ ಪ್ರತಿಯನ್ನು ಕೈಗೆ ಕೊಡುತ್ತಾರೆಯೇ, ಕೊಳ್ಳುವ ಮೊದಲು ಹಾಕಿಕೊಂಡು ನೋಡಲು ಬಿಡುತ್ತಾರೆಯೇ, ಹಾಕಿಕೊಳ್ಳುವವರ ಜೊತೆ ಮಾತಾಡುತ್ತಾರೆಯೇ. ಮೂರನೆಯದನ್ನು ಜೊತೆಗೆ ಹೋದವರೂ ತಮಗೆ ತಾವೇ ಕೇಳಿಕೊಳ್ಳಬೇಕು. ದುಡ್ಡು ಕೊಡುವವನಿಗೆ ತೀರ್ಮಾನವೂ ಸೇರಿಬಿಡುವುದಿಲ್ಲ.

ಮೂರು ಸಾಧನಗಳನ್ನು ಹಾಕಿ ನೋಡಿ ಅಪ್ಪ ನಡುವಿನ ಬೆಲೆಯದನ್ನು ಆರಿಸಿಕೊಂಡರು. ಪಾರ್ಕಿನಿಂದ ಬಂದು ಈಗ ಅಲ್ಲಿಯ ಹರಟೆಯನ್ನು ನಮಗೆ ಹೇಳುತ್ತಾರೆ. ಆಮೇಲೆ ಸಾಧನವನ್ನು ತೆಗೆದು ಡಬ್ಬಿಯಲ್ಲಿಟ್ಟು ಸುಮ್ಮನೆ ಕೂರುತ್ತಾರೆ. ಅಷ್ಟು ಕೊಟ್ಟು ತಂದಿದ್ದೇನೆ, ಹಾಕಿಕೊಳ್ಳಬಾರದೇ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಇನ್ನೂ ಅಭ್ಯಾಸ ಹೋಗಿಲ್ಲ. ಕಿವಿ ಅವರದು ಎಂದು ನೆನೆದು ನುಂಗಿಕೊಳ್ಳುತ್ತೇನೆ.